ಹೆಲ್ದುರನ ನಂತರದ ಅಂಚೆ

ಹೆಲ್ದುರ್ ಸತ್ತಾಗ ದ್ವೀಪದ ಟಪಾಲೂ ಸತ್ತಿತು.
ದೋಣಿಮನೆಯ ಮೂಲೆಯಲ್ಲಿ, ಬಲೆಗಳ ಕೆಳಗೆ,
ಅವನೊಬ್ಬನೇ ಓಡಿಸುತ್ತಿದ್ದ ಯಂತ್ರದ ಪಾಸ್‌ವರ್ಡು
ಅವನ ತಲೆಯಲ್ಲಿತ್ತು. ತಲೆ ಈಗ ಚರ್ಚಿನ ಹಿಂದೆ ಮಣ್ಣಲ್ಲಿ.
ಡಿಸ್ಕಿಗೆ ಉಪ್ಪುಗಾಳಿ ಹೊಡೆದಿತ್ತು.
ಬಿಚ್ಚಿ ನೋಡಿದವಳು ನಾನು, ಶಾಲೆಯ ಗಣಿತದ ಮೇಡಂ,
ಹನ್ನೊಂದು ಮಕ್ಕಳು, ಒಂದು ಒಲೆ;
ಲಿನಕ್ಸ್ ಗೊತ್ತೆಂದು ಒಮ್ಮೆ ಬಾಯಿಬಿಟ್ಟ ತಪ್ಪಿಗೆ.

ರುಹ್ನುವಿಗೆ ಚಳಿಗಾಲದಲ್ಲಿ ಹಡಗಿಲ್ಲ,
ಪ್ಯಾರ್ನುವಿನಿಂದ ಒಂದು ಪುಟ್ಟ ವಿಮಾನ, ಮಂಜು ಒಪ್ಪಿದರೆ.
"ದೊಡ್ಡ ಕಂಪನಿಯದನ್ನೇ ಬಾಡಿಗೆಗೆ ತಗೊಳ್ಳಿ" ಎಂದ
ದ್ವೀಪದ ಕಚೇರಿಯ ಹುಡುಗ.
"ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಕೇಳಬೇಕು"
ಎಂದಳು ಲೇಯ್ಡಾ, ನಲವತ್ತೊಂದು ವರ್ಷ
ಇಲ್ಲಿಯ ಅಂಚೆಯಮ್ಮನಾಗಿದ್ದವಳು.

ಆಯ್ಕೆಗೆ ಕೂತೆವು. ಮೂರು ಹೆಸರು, ಒಂದು ಕೆಟಲ್ ಚಹಾ.

ಸೆಂಡ್‌ಮೇಲ್, ಹಳೇ ಯಜಮಾನ.
ಅದರ ಕಡತ ತೆರೆದು ತೋರಿಸಿದೆ;
ಲೇಯ್ಡಾ ಕನ್ನಡಕ ಏರಿಸಿ, ಇಳಿಸಿ,
"ಇದು ಓದಲಿಕ್ಕೋ, ಮಂತ್ರಿಸಿ ತೋಳಿಗೆ ಕಟ್ಟಲಿಕ್ಕೋ?" ಎಂದಳು.
ಎಕ್ಸಿಮ್ ಸಭ್ಯ. ಹೇಳಿದ್ದೆಲ್ಲಾ ಮಾಡುತ್ತದೆ,
ಆದರೆ ಎಲ್ಲವನ್ನೂ ತಾನೇ ಮಾಡುತ್ತದೆ.
ಪೋಸ್ಟ್‌ಫಿಕ್ಸ್ ಹಾಗಲ್ಲ:
ಬಾಗಿಲಲ್ಲಿ ಒಬ್ಬ, ವಿಂಗಡಿಸಲು ಒಬ್ಬ, ಹೊರಲು ಇನ್ನೊಬ್ಬ,
ಯಾರ ಕೈಯೂ ಮತ್ತೊಬ್ಬರ ಜೇಬಿಗೆ ಹೋಗದು;
ಬಾಗಿಲವನು ಮೋಸಹೋದರೂ ತಿಜೋರಿ ಉಳಿದೀತು.
"ನಮ್ಮಲ್ಲೂ ಹೀಗೇ ಇತ್ತು" ಅಂದಳು,
"ಮೊಹರು ನನ್ನ ಹತ್ತಿರ, ಗಲ್ಲಾದ ಕೀಲಿ ಆರ್ವೋನ ಹತ್ತಿರ.
ನಾವಿಬ್ಬರೂ ಮಾತೂ ಆಡುತ್ತಿರಲಿಲ್ಲ.
ಇದನ್ನೇ ಹಾಕು."

ಹಾಕಿದೆ. ಒಂದೇ ಸಾಲಿನ ಆಜ್ಞೆ.
ನೀಲಿ ಪರದೆ ಎದ್ದು ಕೇಳಿತು: ನೀನು ಯಾರು?
ಜಗತ್ತಿಗೆ ನೇರ ಬಾಗಿಲೋ,
ಇನ್ನೊಬ್ಬರ ಬೆನ್ನೇರಿ ಹೋಗುವೆಯೋ,
ಮಾತು ಮನೆಯೊಳಗಷ್ಟೇಯೋ?
ಹೆಸರು ಕೊಟ್ಟೆ, ಹ್ಯುಲ್ಯೆಸ್,
ನಮ್ಮ ಬಂಡೆಗಳ ಮೇಲೆ ಬಿಸಿಲಿಗೆ ಮೈಯೊಡ್ಡುವ ಸೀಲ್.
ಪೋಸ್ಟ್‌ಮಾಸ್ಟರ್ ಹೆಸರಿಗೆ ಬಂದದ್ದು ಯಾರಿಗೆ ಹೋಗಬೇಕು?
ಲೇಯ್ಡಾ ಬೆನ್ನು ನೆಟ್ಟಗೆ ಮಾಡಿ ಕೂತಳು.
ಬೇರೆ ಯಾರನ್ನೂ ಕೇಳಲಿಲ್ಲ.

ಮೊದಲ ಪತ್ರ ತಾಲಿನ್ನಿನ ದೊಡ್ಡ ಸರ್ವರಿನ ಹೊಸಿಲಲ್ಲೇ ಬಿತ್ತು:
ನಿನ್ನ ಅಂಕಿಗೆ ಹೆಸರಿಲ್ಲ, ಹೆಸರಿಗೆ ಸಾಕ್ಷಿಯಿಲ್ಲ.
ಮೂರು ಸಂಜೆ ಹೋದವು
ಸಾಕ್ಷಿ ಬರೆಯಲು, ಸಹಿಯ ಕೀಲಿ ಹುಟ್ಟಿಸಲು,
ಪ್ಯಾರ್ನುವಿನ ರೈವೋಗೆ ಫೋನಲ್ಲಿ ಗೋಗರೆದು
ಇಪ್ಪತ್ತೈದನೇ ಬಾಗಿಲಿನ ಅಗುಳಿ ತೆಗೆಸಲು.
ನಾಲ್ಕನೆಯ ರಾತ್ರಿ, ಎರಡೂವರೆ.
ಲಾಗಿನಲ್ಲಿ ಒಂದು ಸಾಲು: ಇನ್ನೂರೈವತ್ತು, ಕಳಿಸಿದ್ದಾಯಿತು.
ಕೂಗಿಕೊಳ್ಳಲು ಯಾರೂ ಎದ್ದಿರಲಿಲ್ಲ.
ಹೊರಗೆ ದಡದ ಮಂಜುಗಡ್ಡೆ ಲಟಕ್ಕೆಂದಿತು.

ಮರುದಿನ ಲೇಯ್ಡಾ ತನ್ನ ಪತ್ರ ತಾನೇ ಒತ್ತಿದಳು,
ಒಂದೇ ಬೆರಳಲ್ಲಿ, ಮಧ್ಯಾಹ್ನವಿಡೀ.
ಸಂಜೆ ನೋಡಿದರೆ ಅದಿನ್ನೂ ಸರದಿಯಲ್ಲಿದೆ.
ವಿಳಾಸ ಹೆಲ್ದುರನದು,
ದೋಣಿಮನೆಯ ಆ ಯಂತ್ರ.
ಹ್ಯುಲ್ಯೆಸ್ ಹೋಗಿ ಬಾಗಿಲು ಬಡಿಯಿತು, ಕಾಯಿತು,
ಅರ್ಧ ಗಂಟೆ ಬಿಟ್ಟು ಮತ್ತೆ ಬಡಿಯಿತು.
ನಾನು ಏನೂ ಹೇಳಲಿಲ್ಲ.
ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಿಗೆ
ಸೂಪು ಬಡಿಸಿದವಳು ಅವಳೇ.

"ಎಷ್ಟು ದಿನ ಹೀಗೆ ಬಡಿಯುತ್ತದೆ?"
"ಐದು. ಆಮೇಲೆ ಕ್ಷಮೆ ಕೇಳಿ ನಿನಗೇ ವಾಪಸು ಕೊಡುತ್ತದೆ."
"ಐದೇ?
ಈ ದ್ವೀಪ ನೋಡದವರು ಯಾರೋ ಬರೆದದ್ದು.
ಎಂಬತ್ತೇಳರ ಫೆಬ್ರುವರಿಯಲ್ಲಿ
ವಿಮಾನ ಹದಿನೇಳು ದಿನ ಬರಲಿಲ್ಲ.
ಒಂದು ಲಕೋಟೆಯನ್ನೂ ನಾನು ವಾಪಸು ಕೊಡಲಿಲ್ಲ."

ಕಡತ ತೆರೆದು ಐದನ್ನು ಅಳಿಸಿ ಇಪ್ಪತ್ತು ಬರೆದೆ.
ಮೇಲೊಂದು ಟಿಪ್ಪಣಿ, ಯಂತ್ರ ಓದದ ಸಾಲು:
ಇದು ಲೇಯ್ಡಾ ಹೇಳಿದ್ದು.
ಬದಲಿಸುವ ಮುನ್ನ ಅವಳನ್ನು ಕೇಳಿ.