ಒಂದು ‘ಲ’ ಕಡಿಮೆ

ಹಲಗೆ ಬರೆದವನು ಸ್ವಿಂಡನ್ನಿನಿಂದ ಬಂದಿದ್ದ.
ಊರ ಹೆಸರಿನ ತಲೆಗೆ ಎರಡು ‘ಲ’ ಬೇಕಿತ್ತು;
ಬಣ್ಣ ತೀರಿತ್ತೋ, ಬಿಯರು ಕರೆದಿತ್ತೋ,
ಒಂದೇ ಬರೆದು ಏಣಿ ಇಳಿದ.

ಆ ಎರಡೂ ಕೂಡಿದರೆ ಹುಟ್ಟುವ ಸದ್ದೇ ಬೇರೆ:
ನಾಲಿಗೆಯ ತುದಿ ಹಲ್ಲಿನ ಹಿಂದೆ ಒತ್ತಿ
ಎರಡೂ ಬದಿಯಿಂದ ಉಸಿರು ಬಿಡಬೇಕು,
ಒಲೆಯ ಬೂದಿ ಊದಿದ ಹಾಗೆ.
ಸ್ಟೇಷನ್ ಮಾಸ್ತರ ಇಥೆಲ್ ಪ್ರಿಚರ್ಡ್
ಕಂಪನಿಗೆ ಹನ್ನೊಂದು ಕಾಗದ ಹಾಕಿದ.
ಹನ್ನೊಂದಕ್ಕೂ ಒಂದೇ ಉತ್ತರ:
‘ಪರಿಶೀಲನೆಯಲ್ಲಿದೆ.’
ಅದಕ್ಕೇ ಪ್ರತಿ ಗಾಡಿಗೂ ತಾನೇ ನಿಂತು
ಪೂರ್ತಿ ಹೆಸರನ್ನು ಬಾಯ್ತುಂಬ ಕೂಗುತ್ತಿದ್ದ,
ಇಳಿಯುವವರು ಯಾರೂ ಇಲ್ಲದಿದ್ದರೂ.
ಅವನಷ್ಟೇ ಸರಿಯಾಗಿ ಹೇಳುತ್ತಿದ್ದುದು
ಹಬೆ ಬಿಡುವ ಎಂಜಿನ್ ಒಂದೇ.

ಇಲ್ಲಿಂದ ಹೋದದ್ದು: ಏಳು ಹತ್ತರ ಗಾಡಿಗೆ ಹಾಲಿನ ಕ್ಯಾನು,
ಸತ್ತ ಮೊಲಗಳ ಗೊಂಚಲು, ಮಾಡಿಗೆ ಹೊದಿಸುವ ಕಲ್ಲು,
ಲಿವರ್‌ಪೂಲಿನ ಮನೆಗೆಲಸಕ್ಕೆ ಹುಡುಗಿಯರು.
ಬಂದದ್ದು: ಚಾಪೆಲ್ಲಿನ ಬಾಗಿಲಿಗಿಂತ ಅಗಲದ ಪಿಯಾನೋ.
ತೆಂಕಣ ಗಣಿಯಿಂದ ನೆಸ್ಟಾ ಬೆವನಳ ಗಂಡ,
ಪೆಟ್ಟಿಗೆಯಲ್ಲಿ, ‘ಸಾಗಣೆ ಪಾವತಿಯಾಗಿದೆ’ ಎಂಬ ಚೀಟಿ ಸಮೇತ.
ಶನಿವಾರಗಳಲ್ಲಿ ಪಂದ್ಯದ ಪಾರಿವಾಳ.
ಪೋರ್ಟರ್ ಟೆಗ್ವಿನ್ ಬುಟ್ಟಿಯ ಬಾಗಿಲು ತೆಗೆದು,
ಹಾರಿಬಿಟ್ಟ ಹೊತ್ತು ಬರೆದು,
ಖಾಲಿ ಬುಟ್ಟಿ ವಾಪಸು ಕಳಿಸುವನು.
‘ಬುಟ್ಟಿಗಿಂತ ಮೊದಲೇ ಮನೆ ಸೇರ್ತವೆ,
ಟಿಕೆಟ್ಟಿಲ್ಲದ ಕಳ್ಳ ಮುಂಡೇವು.’

ಮುಚ್ಚಿದ್ದು ಜನವರಿಯ ಒಂದು ಶನಿವಾರ.
ಕ್ಯಾಮರಾ ಹಿಡಿದು ಎಲ್ಲೆಲ್ಲಿಂದಲೋ ಬಂದರು,
ಹಿಂದೆಂದೂ ಕಾಣದ ಮುಖಗಳು.
ಒಂದೇ ದಿನ ಇನ್ನೂರ ಆರು ಟಿಕೆಟ್ಟು.
‘ಇಷ್ಟು ಜನ ತಿಂಗಳಿಗೊಮ್ಮೆ ಬಂದಿದ್ದರೂ’ ಎಂದ ಟೆಗ್ವಿನ್,
ವಾಕ್ಯ ಮುಗಿಸಲಿಲ್ಲ.
ಇಥೆಲ್ ಅಂದು ಹೆಸರು ಕೂಗಲಿಲ್ಲವಂತೆ.
ಗಂಟಲು ಕಟ್ಟಿತ್ತೆಂದು ಹೆಂಡತಿ ಹೇಳಿದಳು,
ನೆಗಡಿ ಎಂದು ಅವನು.

ಗಂಡ ಹೋದಂದಿನಿಂದ ನೆಸ್ಟಾಳಿಗೆ ಗೇಟು ಕಾಯುವ ಕೆಲಸ.
ಸೋಮವಾರ ಬೆಳಿಗ್ಗೆ ಏಳು ಹತ್ತಕ್ಕೆ
ಕೈ ತಾನಾಗಿ ಹೋಗಿ ಗೇಟು ಹಾಕಿತು.
ಟ್ರಾಕ್ಟರಿನಲ್ಲಿ ಬಂದ ಗುರ್‌ವಿಲ್
ಎಂಜಿನ್ ಆರಿಸಿ, ಟೋಪಿ ತೆಗೆದು ಕಾದ.
ಗಾಡಿ ಹಾಯುವಷ್ಟು ಹೊತ್ತು.
ಅವಳು ಗೇಟು ತೆಗೆದಳು. ಅವನು ದಾಟಿದ.
ಇಬ್ಬರೂ ಆ ಮಾತು ಎತ್ತಲಿಲ್ಲ,
ಮದುವೆಯಾದ ಮೇಲೂ.

ಹಳಿಗಳನ್ನು ಗುಜರಿಯವರು ಕಿತ್ತೊಯ್ದರು.
ಹೆಸರಿನ ಹಲಗೆ ಈಗ ಕುರಿದೊಡ್ಡಿಯ ಅಡ್ಡಪಟ್ಟಿ,
ತಲೆಕೆಳಗಾಗಿ. ಮಳೆ ಅರ್ಧ ತಿಂದಿದೆ,
ಉಳಿದರ್ಧ ಕುರಿಗಳು ಬೆನ್ನು ತಿಕ್ಕಿ ಅಳಿಸುತ್ತಿವೆ.

ಬರೆಯಹೊರಟ ನನಗೂ ಇಲ್ಲಿ ಪೇಚು:
ನನ್ನ ಲಿಪಿಯಲ್ಲೂ ಆ ಸದ್ದಿಗೆ ಮನೆಯಿಲ್ಲ.
ನಮ್ಮಲ್ಲೂ ಒಂದು ‘ೞ’ ಇತ್ತು,
ಶಾಸನದ ಕಲ್ಲಿನಲ್ಲಿ ಗಟ್ಟಿಯಾಗಿ ಕೂತಿತ್ತು;
ಯಾವ ನಿಲ್ದಾಣದಲ್ಲಿ ಇಳಿದುಹೋಯಿತೋ,
ಯಾರೂ ಕೂಗಿ ಹೇಳಲಿಲ್ಲ.
ಕ್ಷಮಿಸು ಇಥೆಲ್, ನಾನೂ
ಒಂದೇ ‘ಲ’ದಲ್ಲಿ ಲಾನ್‌ಹೆದಿನ್ ಎಂದು ಬರೆದು
ಏಣಿ ಇಳಿಯುತ್ತಿದ್ದೇನೆ.
ಇನ್ನೊಂದು,
ಪರಿಶೀಲನೆಯಲ್ಲಿದೆ.