ಏಳು ಕೊರಡು

ಮೇ ತಿಂಗಳು ಬಂತೆಂದರೆ ಬ್ಯಾಲರಾಟ್ ಊರಿಗೆ
ನಾನು ನೆನಪಾಗುತ್ತೇನೆ.
ಬೇಸಿಗೆಯಿಡೀ ಯಾರಿಗೂ ಬೇಡದ ಫೋನು
ಮೊದಲ ಚಳಿಗಾಳಿಗೆ ಬಡಿದುಕೊಳ್ಳುತ್ತದೆ.

ಹೀಟರಿನ ಗಾಜು ಕಳಚಿದರೆ ಸಾಕು, ಮನೆ ಮಾತಾಡುತ್ತದೆ.
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ಕಂದು ಕೂದಲು:
ನಾಯಿ ಸತ್ತು ಮೂರು ವರ್ಷವಾಯಿತು ಎನ್ನುತ್ತಾರೆ,
ಕೂದಲಿಗೆ ಯಾರೂ ಹೇಳಿಲ್ಲ.
ಪೈಲಟ್ ಕೊಳವೆಯ ಸೂಜಿಗಣ್ಣಿನಲ್ಲಿ ಒಂದು ಜೇಡ,
ಗ್ಯಾಸಿನ ವಾಸನೆಯೆಂದರೆ ಅದಕ್ಕೆ ಅದೇನು ಮೋಹವೋ,
ಬಲೆ ನೇಯ್ದು, ನೀಲಿಯಾಗಿ ನಿಲ್ಲಬೇಕಾದ ಉರಿಯನ್ನು
ಹಳದಿಗೆ ತಿರುಗಿಸಿ ಕೂತಿರುತ್ತದೆ.

ಸೆಬಾಸ್ಟಪೋಲ್ ಕಡೆಯ ಹಲಗೆಮನೆ. ಡೆನ್ಜಿಲ್ ಟ್ರೆಜೈಸ್.
ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು,
ತಮ್ಮ ಸೌದೆ ತಾವೇ ಸೀಳಿದವರು,
ಸೊಂಟ ಕೈಕೊಟ್ಟ ಮೇಲೆ ಗ್ಯಾಸಿಗೆ ಬಂದವರು.
ಗಾಜೆಲ್ಲ ಕಪ್ಪು. ಮೇಲಿನ ಗೋಡೆಯ ಮೇಲೂ
ಯಾರೋ ಒರಗಿ ಎದ್ದುಹೋದಂತೆ ಮಸಿ.
ಮೀಟರು ಹಿಡಿದೆ, ಅಂಕಿ ಏರಿತು,
ಉರಿ ಆರಿಸಿದೆ, ಕಿಟಕಿ ತೆರೆದೆ, ಬಾಗಿಲು ತೆರೆದೆ,
'ಹೊರಗೆ ನಡೀರಿ' ಅಂದೆ.
ಮನೆಚಪ್ಪಲಿಯಲ್ಲೇ ಒದ್ದೆ ಹುಲ್ಲಿನ ಮೇಲೆ ನಿಂತು
ಅವರು ಹೇಳಿದ್ದು ಇಷ್ಟೇ:
'ತಲೆನೋವು ವಯಸ್ಸಿನದು ಅಂದ್ಕೊಂಡಿದ್ದೆ.'

ಬೆಂಕಿಯಿಲ್ಲದೆ ಹೊಗೆಯಾಡದು, ಸರಿ.
ಹೊಗೆಯೇ ಕಾಣಿಸದೆ ಕೊಲ್ಲುವ ಬೆಂಕಿಗೆ
ಗಾದೆ ಇನ್ನೂ ಹುಟ್ಟಿಲ್ಲ.

ತಣ್ಣಗಾಗಲು ಒಂದು ಗಂಟೆ ಬಿಟ್ಟೆ.
ಬಿಸಿ ಗಾಜಿಗೆ ತಣ್ಣನೆ ಬಟ್ಟೆ ತಾಗಿಸಬಾರದು.
ಒಳಗೆ ಏಳು ಕೊರಡು. ಮರವಲ್ಲ, ಸುಟ್ಟ ಮಣ್ಣಿನ ನಾರು;
ಗಂಟು, ಬಿರುಕು, ತೊಗಟೆ, ಎಲ್ಲ ಅಚ್ಚಿನಲ್ಲಿ ಬಂದದ್ದು.
ಹಕ್ಕಿಮರಿಯಷ್ಟು ಹಗುರ, ಅಷ್ಟೇ ಬೇಗ ಮುರಿಯುವಂಥದು.
ಅಡಿಯಲ್ಲಿ ಅಂಕಿ ಕೆತ್ತಿರುತ್ತದೆ, ಅಂಕಿಗೊಂದು ಜಾಗ.
ಒಂದೂ ತನ್ನ ಜಾಗದಲ್ಲಿರಲಿಲ್ಲ.
ಐದರ ಬೆನ್ನೇರಿ ಮೂರು; ಎರಡು ಅಡ್ಡಬಿದ್ದು
ಉರಿಯ ಬಾಯಿಯನ್ನೇ ಮುಚ್ಚಿತ್ತು.

'ಯಾರು ಮುಟ್ಟಿದ್ದು?'

ಬಸ್ಸಿನ ಹಿಂದಿನ ಸೀಟಿನಲ್ಲಿ ಸಿಕ್ಕಿಬಿದ್ದ ಹುಡುಗನ ಮುಖ.
'ದಿನಕ್ಕೊಂದನ್ನ ಸರಿಸ್ತಿದ್ದೆ.
ಅದೇ ಬೆಂಕಿ, ಮಗಳೇ. ಅದೇ ನಾಲಿಗೆ, ಅದೇ ಜಾಗ,
ಏಳು ಗಂಟೆಗೂ ಅದೇ, ಹತ್ತಕ್ಕೂ ಅದೇ.
ಸೌದೆ ಬೆಂಕಿ ಕುಸೀತಿತ್ತು, ಸಿಡೀತಿತ್ತು,
ಏಳೋ, ಬಾರೋ ಅಂತಿತ್ತು.
ಇದು ನನ್ನಿಂದ ಏನೂ ಕೇಳಲ್ಲ.'

ಬೈಯಬೇಕೆಂದೇ ಬಾಯಿ ತೆರೆದವಳು
ಬ್ರಷ್ಷು ಕೈಗೆತ್ತಿಕೊಂಡೆ.
ಬಣ್ಣ ಬಳಿಯುವ ಮೆತ್ತನೆ ಬ್ರಷ್ಷು; ನೀರಿಲ್ಲ, ಒತ್ತಡವಿಲ್ಲ.
ಮಗುವಿನ ಕಿವಿಯ ಹಿಂದೆ ಒರೆಸಿದ ಹಾಗೆ
ಒಂದೊಂದೇ ಕೊರಡಿನ ಮಸಿ ಕೆಡವಿದೆ.
ಬರ್ನರಿನ ಕಣ್ಣು ಬಿಡಿಸಿದೆ, ಹೊಗೆಗೊಳವೆ ನೋಡಿದೆ,
ಒಂದರಿಂದ ಏಳು, ಚಿತ್ರದಲ್ಲಿದ್ದಂತೆ ಇಟ್ಟೆ.
ಹಚ್ಚಿದೆ. ಮೀಟರು ಸುಮ್ಮನಿತ್ತು.
ಅವರೂ ಸುಮ್ಮನಿದ್ದರು.

ಹೊರಡುವಾಗ, ಬೂಟಿನ ದಾರ ಕಟ್ಟುತ್ತ,
ಯಾವ ಪುಸ್ತಕದಲ್ಲೂ ಇಲ್ಲದ ಒಂದು ಮಾತು ಅಂದೆ:
'ಕೊರಡು ಸರಿಸಬೇಡಿ. ಕುರ್ಚಿ ಸರಿಸಿ.'
ಅವರು ನಗಲಿಲ್ಲ. ಬಿಲ್ಲು ನೋಡುತ್ತಿದ್ದರು.

ಎರಡು ವರ್ಷ ಕಳೆದು ಮತ್ತೆ ಮೇ.
ಗಾಜಿನ ಮೇಲೆ ತೆಳ್ಳಗೆ ಬಿಳಿಪೊರೆ, ಬೇರೇನಿಲ್ಲ.
ಏಳೂ ಕೊರಡು ಕೂತಲ್ಲೇ ಕೂತಿವೆ.
ಜಮಖಾನೆಯ ಮೇಲೆ ಮಾತ್ರ
ಕುರ್ಚಿಕಾಲಿನ ಗುಳಿ, ನಾಲ್ಕು ನಾಲ್ಕು, ಕೋಣೆ ತುಂಬ:
ಗೋಡೆಗೆ ಒತ್ತಿ, ಬಾಗಿಲಿಗೆ ಬೆನ್ನು ಮಾಡಿ,
ಹೀಟರು ಕಾಣದ ಮೂಲೆಯಲ್ಲೂ, ಆಳವಾಗಿ.

'ಅಲ್ಲೇನು ಕಾಣುತ್ತೆ?'

'ಕತ್ತಲಾದ್ಮೇಲೆ ಕೂತು ನೋಡು,' ಅಂದರು ಡೆನ್ಜಿಲ್.
'ಕಿಟಕಿ ಗಾಜಲ್ಲಿ ಬರುತ್ತೆ.
ಹೊರಗೆ, ಅವತ್ತು ನನ್ನ ನಿಲ್ಲಿಸಿದ್ಯಲ್ಲ,
ಆ ಹುಲ್ಲಿನ ಮೇಲೆ ಉರಿಯುತ್ತೆ.'