ಕೆಳಗೆ ನೋಡುವವನ ಕತ್ತು

ಸೊಹಾರ್ ಬಂದರಿನಲ್ಲಿ ನನ್ನದು ಗಾಜಿನ ನೆಲದ ಕೋಣೆ.
ನಲವತ್ತು ಮೀಟರ್ ಮೇಲೆ. ಎರಡು ಕಾಲುಗಳ ನಡುವೆ
ಹಡಗು, ಕಡಲು, ಬೆಂಕಿಪೊಟ್ಟಣದಂಥ ಡಬ್ಬಿಗಳು.
ದಿನವಿಡೀ ಮೋಡ ನೋಡಬಹುದಲ್ಲ, ಅಂತಾರೆ ಊರಿನವರು.
ಮೋಡ ಎಲ್ಲಿಂದ ಬರಬೇಕು ಇಲ್ಲಿ? ಬಂದರೂ
ನನ್ನ ಕಣ್ಣಿರುವುದು ನನ್ನದೇ ಬೂಟಿನ ತುದಿಯಾಚೆ.
ತಲೆ ತಗ್ಗಿಸಿ ದುಡಿದವನು ಎಂಬ ಹೊಗಳಿಕೆ
ನನಗೆ ಅಕ್ಷರಶಃ ಸಲ್ಲುತ್ತದೆ, ಏಳು ವರ್ಷದಿಂದ.

ನೋವು ಮೊದಲು ಬಂದದ್ದು ರಂಜಾನಿನ ರಾತ್ರಿ ಪಾಳಿಯಲ್ಲಿ,
ಕತ್ತಿನ ಬುಡಕ್ಕೆ, ಒದ್ದೆ ಹಗ್ಗ ಬಿಗಿದ ಹಾಗೆ.
ಆಮೇಲೆ ಹೆಗಲಿಗಿಳಿಯಿತು, ಹೆಗಲಿಂದ ಮೊಳಕೈಗೆ,
ಕೊನೆಗೆ ಕಿರುಬೆರಳು ಜೋಮು ಹಿಡಿದು
ನನ್ನದೋ ಬೇರೆಯವರದೋ ತಿಳಿಯದಾಯಿತು.
ಮುಲಾಮು ಸವರಿದೆ. ಮಾತ್ರೆ ನುಂಗಿದೆ.
ಫಲಜ್ ರಸ್ತೆಯ ಮಲಬಾರಿ ಕ್ಷೌರಿಕ
ಟಕ್ಕೆಂದು ಕತ್ತು ತಿರುಗಿಸಿ ಐನೂರು ಬೈಸಾ ಇಸಿದುಕೊಂಡ.
ಎರಡು ದಿನ ಸ್ವರ್ಗ. ಮೂರನೇ ದಿನ ಅದೇ ಹಗ್ಗ.

ಕ್ಲಿನಿಕ್ಕಿನಲ್ಲಿದ್ದವರು ಶಿರ್ವದ ನಿಲಿತಾ ಡಿಅಲ್ಮೇಡಾ.
ಎಕ್ಸ್‌ರೇ ಬೆಳಕಿಗೆ ಹಿಡಿದು ಕೇಳಿದರು,
"ಇದಕ್ಕೆ ಮೊದಲು ಯಾವ ಕ್ರೇನು?"
"ಮೊಬೈಲ್ ಕ್ರೇನು. ಐವತ್ತು ಟನ್ನು."
"ಬೂಮ್ ಚಾಚಿದರೆ?"
"ಶಕ್ತಿ ಇಳಿಯುತ್ತದೆ ಮೇಡಂ. ಹತ್ತಿರಕ್ಕೆ ಐವತ್ತು, ದೂರಕ್ಕೆ ಐದೂ ಕಷ್ಟ.
ಅದಕ್ಕೊಂದು ಪಟ್ಟಿ ಇರುತ್ತದೆ, ಕ್ಯಾಬಿನ್ನಿನಲ್ಲಿ ಅಂಟಿಸಿರುತ್ತಾರೆ."
"ತಲೆ ಐದು ಕಿಲೋ," ಅಂದರು. "ಕತ್ತು ನಿಮ್ಮ ಬೂಮು.
ಪಟ್ಟಿ ಎಲ್ಲಿ ಅಂಟಿಸಲಿ?"

ನಾಚಿಕೆಯಾಯಿತು. ಒಂದೂ ಡಬ್ಬಿ ಬೀಳಿಸದ ನಾನು
ನನ್ನದೇ ಬುರುಡೆಯನ್ನು ಮಿತಿಮೀರಿ ಚಾಚಿಟ್ಟಿದ್ದೆ ಇಷ್ಟು ಕಾಲ.

ಕೊಟ್ಟದ್ದು ಒಂದು ಗಜ ಹಳದಿ ರಬ್ಬರು, ಒಂದು ಚೀಟಿ.
ಗದ್ದ ಹಿಂದಕ್ಕೆ, ಮೇಜಿನ ಖಾನೆ ಮುಚ್ಚಿದ ಹಾಗೆ. ಐದೆಣಿಸು, ಬಿಡು.
ಬೆನ್ನಿನ ರೆಕ್ಕೆಮೂಳೆಗಳ ನಡುವೆ ವೀಳ್ಯದೆಲೆಯಿದೆ ಎಂದುಕೋ,
ಬೀಳದಂತೆ ಹಿಡಿ.
ರಬ್ಬರನ್ನು ಮಂಚದ ಕಾಲಿಗೆ ಕಟ್ಟಿ ಎದೆಯ ಕಡೆಗೆ ಎಳೆ.
ಸೆಳೆದರೆ ಮಾಡು, ಚುರುಕ್ಕೆಂದರೆ ನಿಲ್ಲಿಸು.
ಅರ್ಧ ಗಂಟೆಗೊಮ್ಮೆ ಏಳು, ಹಡಗು ಓಡಿಹೋಗುವುದಿಲ್ಲ.
"ನೋಯುತ್ತದೆಂದು ಕತ್ತನ್ನು ಕಟ್ಟಿಹಾಕಬೇಡಿ," ಅಂದರು,
"ಓಡಿಸದೆ ಬಿಟ್ಟ ವಿಂಚಿನ ಗತಿ ನಿಮಗೆ ಗೊತ್ತಲ್ಲ."
ಗೊತ್ತು. ಉಪ್ಪುಗಾಳಿ, ಎರಡು ತಿಂಗಳು, ತುಕ್ಕು.

ರಬ್ಬರು ಎಳೆಯುವಾಗ ಮರವಂತೆಯ ದಂಡೆ, ಕೈರಂಪಣಿ ಬಲೆ,
ಒಂದೇ ಹಗ್ಗಕ್ಕೆ ಮೂವತ್ತು ಜನ,
ಹಿಂದಿನಿಂದ ಅಪ್ಪನ ಗದರಿಕೆ:
"ಕೈಯಗೆ ಎಳುಕಾಗ ಮಾಣಿ, ಕಾಲಗೆ ಎಳಿ!"
ಎಪ್ಪತ್ತರಲ್ಲೂ ಬಾವಿಯಿಂದ ಸೇದುತ್ತಿದ್ದರು.
ನಾನು ಮಾತ್ರ ಆಗ ಕೈಯಲ್ಲೇ ಎಳೆಯುತ್ತಿದ್ದೆ.

ಮೂರು ವಾರ ಏನೂ ಆಗಲಿಲ್ಲ.
ಆದದ್ದು ಒಂದೇ: ಮೇಲಿನ ಮಂಚದಿಂದ ಹುನಗುಂದದ ಯಮನೂರ
"ಏನೋ, ಕೋಳಿ ಆಗಿಯೇನು? ಕಾಳ ಹಾಕ್ಲೇನ?"
ರೂಮಿನ ಆರು ಜನಕ್ಕೂ ನಗು.
ಅವನದು ಡಬ್ಬಿಗಳಿಗೆ ಕಬ್ಬಿಣದ ಸರಳು ಬಿಗಿಯುವ ಕೆಲಸ,
ದಿನವಿಡೀ ಕೈ ತಲೆಯ ಮೇಲೆ, ಮುಖ ಆಕಾಶಕ್ಕೆ, ಬಿಸಿಲು ಬಾಯೊಳಗೆ.
ಐದನೇ ವಾರ, ರಾತ್ರಿ ಎರಡಕ್ಕೆ, ಹೆಗಲು ಹಿಡಿದು ಕೂತಿದ್ದ.
"ಆ ರಬ್ಬರ್ ಎಲ್ಲೈತಿ?"
ರಬ್ಬರು ಒಂದೇ ಮಾರಾಯ, ಚೀಟಿ ಬೇರೆ, ಅಂದೆ.
ನಾಳೆ ಮೇಡಂ ಹತ್ತಿರ ನಡಿ.

ನೋವು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ.
ಎರಡು ಪಾಳಿ ಒಟ್ಟಿಗೆ ಮಾಡಿದ ಮರುದಿನ
ಹಗ್ಗ ಒಂದು ಸುತ್ತು ಬಿಗಿಯುತ್ತದೆ.
ಕಿರುಬೆರಳು ಮಾತ್ರ ವಾಪಸು ಬಂದಿದೆ.

ಇವತ್ತು ಡಬ್ಬಿಯೊಂದನ್ನು ಇಳಿಸಿ,
ಮುಂದಿನ ಟ್ರೇಲರ್ ಬರುವ ತನಕ ಎದ್ದು ನಿಂತೆ. ಖಾನೆ ಮುಚ್ಚಿದೆ.
ಪಡುವಣಕ್ಕೆ ಹಜರ್ ಬೆಟ್ಟಸಾಲು. ಏಳು ವರ್ಷವೂ ಅಲ್ಲೇ ಇತ್ತಂತೆ.
ಗಾಜಿನಡಿ ಕಡ್ಡಿಯಷ್ಟು ಯಮನೂರ
ಸರಳು ನೆಲಕ್ಕಿಟ್ಟು, ಕೈ ಇಳಿಬಿಟ್ಟು, ಹೆಗಲು ತಿರುವುತ್ತ
ಮೆಲ್ಲಗೆ ತಲೆ ತಗ್ಗಿಸಿದ.
ನಾನು ಮೆಲ್ಲಗೆ ಎತ್ತಿದೆ.
ಒಂದು ಸಲ ಹಾರ್ನ್ ಒತ್ತಿದೆ.
ಅವನು ಕೋಳಿಯ ಹಾಗೆ ಕೂಗಿದನೆಂದು ಕಾಣುತ್ತದೆ,
ಅಷ್ಟು ಎತ್ತರಕ್ಕೆ ಕೇಳಿಸಲಿಲ್ಲ.